ಟೀಚರ್, ನಮ್ಮ ಅಜ್ಜಿ ಸ್ವರ್ಗಕ್ಕೆ ಹೋಗುವುದಿಲ್ಲವೇ?

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಒಂದು ಕ್ಯಾಥೋಲಿಕ್ ಪ್ರಾಥಮಿಕ ಶಾಲೆಯಲ್ಲಿ ಗಣಿತ ಶಿಕ್ಷಕಿ. ಈ ಜೂನ್‌ನಿಂದ ನಾಲ್ಕನೆಯ ತರಗತಿಯ ಧರ್ಮೋಪದೇಶವನ್ನೂ ಮೌಲ್ಯ ಶಿಕ್ಷಣವನ್ನೂ ನನಗೇ ವಹಿಸಿದ್ದಾರೆ. ತರಗತಿಯಲ್ಲಿ 38 ಮಕ್ಕಳು, ಅವರಲ್ಲಿ ಕ್ಯಾಥೋಲಿಕರು 9. ವಾರಕ್ಕೆ ಎರಡು ಪೀರಿಯಡ್ ಈ ಒಂಬತ್ತು ಮಂದಿಗೆ ಧರ್ಮೋಪದೇಶ, ಒಂದು ಪೀರಿಯಡ್ ಎಲ್ಲರಿಗೂ ಸೇರಿಸಿ ಮೌಲ್ಯ ಶಿಕ್ಷಣ. ನಾನೂ ಕ್ಯಾಥೋಲಿಕಳೇ, ಆದರೆ ಇದಕ್ಕೆಂದು ತರಬೇತಿ ಪಡೆದವಳಲ್ಲ. ಪುಸ್ತಕ ಓದಿಸಿ ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತೇನೆ, ಮಕ್ಕಳು ಆಕಳಿಸುತ್ತಾರೆ. ಕಳೆದ ವಾರ ಒಬ್ಬ ಹುಡುಗ, ‘ಟೀಚರ್, ನಮ್ಮ ಅಮ್ಮನ ಅಮ್ಮ ಹಿಂದೂ. ಅಜ್ಜಿ ಸ್ವರ್ಗಕ್ಕೆ ಹೋಗುವುದಿಲ್ಲವೇ?’ ಎಂದು ಕೇಳಿದ. ಬಾಯಿ ಕಟ್ಟಿದಂತಾಯಿತು. ‘ನಾಳೆ ಹೇಳುತ್ತೇನೆ’ ಎಂದು ಜಾರಿಕೊಂಡೆ. ಅವನಿಗೆ ಏನು ಹೇಳಲಿ? ಈ ಪಾಠವನ್ನು ಹೇಗೆ ಮಾಡಲಿ?

ಉತ್ತರ: ಮೊದಲು ಆ ಹುಡುಗನ ವಿಷಯ ಮುಗಿಸೋಣ, ಅವನು ಕಾಯುತ್ತಿದ್ದಾನೆ. ‘ನಾಳೆ ಹೇಳುತ್ತೇನೆ’ ಎಂದದ್ದು ತಪ್ಪೇನಲ್ಲ. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಗಳಲ್ಲಿ ಇದೇ ಕೆಲಸ ಮಾಡಿದ ನಾನೂ ಎಷ್ಟೋ ಸಲ ಹಾಗೆಯೇ ಅಂದಿದ್ದೇನೆ. ಆದರೆ ದೊಡ್ಡವರ ‘ನಾಳೆ’ ಎಂಥದ್ದು ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಸೈಕಲ್ಲಿಗೂ ಜಾತ್ರೆಗೂ ಅದೇ ನಾಳೆಯನ್ನು ಕೇಳಿ ಬೆಳೆದವರು ಅವರು. ಆದ್ದರಿಂದ ಬೇಕಾದರೆ ಈ ಉತ್ತರವನ್ನು ಅರ್ಧಕ್ಕೇ ಬಿಟ್ಟು ಅವನನ್ನು ಕರೆದು ಮಾತನಾಡಿಸಿ. ಕರೆದಾಗ ಸ್ವರ್ಗದ ಮಾತು ಎತ್ತಬೇಡಿ. ‘ಅಜ್ಜಿ ಹೇಗಿದ್ದಾರೆ?’ ಎಂದು ಕೇಳಿ.

ಇದನ್ನು ನಾನು ಕಲಿತದ್ದು ಎಡವಿಯೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಳು ಹುಡುಗಿ ಇಂಥದ್ದೇ ಪ್ರಶ್ನೆ ಕೇಳಿದಳು. ನನಗೆ ಉತ್ಸಾಹ ಉಕ್ಕಿತು. ದೇವರ ಕರುಣೆಯ ಬಗ್ಗೆ ಕಾಲು ಗಂಟೆ ನಿಂತು ಹೇಳಿದೆ, ಕಪ್ಪು ಹಲಗೆಯ ಮೇಲೆ ಏನೋ ಬರೆದೂ ಬರೆದೆ. ಹುಡುಗಿ ತಲೆಯಾಡಿಸಿ ಕುಳಿತುಕೊಂಡಳು. ಮುಂದಿನ ವಾರ ಅವಳ ತಾಯಿ ಶಾಲೆಗೆ ಬಂದಾಗ ತಿಳಿಯಿತು: ಅಜ್ಜಿ ಹತ್ತು ದಿನದ ಹಿಂದೆ ತೀರಿಕೊಂಡಿದ್ದರು, ಮಣ್ಣಿಗೆ ಬಂದ ನೆಂಟರೊಬ್ಬರು ಮಗುವಿನ ಎದುರಿಗೇ ಆಡಬಾರದ್ದನ್ನು ಆಡಿದ್ದರು. ನಾನು ಸಿದ್ಧಾಂತ ಹೇಳುತ್ತಿದ್ದೆ, ಆ ಮಗು ಸೂತಕದಲ್ಲಿತ್ತು.

ನಿಮ್ಮ ಹುಡುಗನ ಅಜ್ಜಿ ಗಟ್ಟಿಮುಟ್ಟಾಗಿದ್ದು, ಪ್ರಶ್ನೆ ಬರಿಯ ಕುತೂಹಲದ್ದು ಎಂದಾದರೆ ಉತ್ತರ ಸುಲಭ. ‘ದೇವರಿಗೆ ನಿನ್ನ ಅಜ್ಜಿ ಗೊತ್ತು. ನಿನಗಿಂತ ಚೆನ್ನಾಗಿ ಗೊತ್ತು, ನಿನಗಿಂತ ಹೆಚ್ಚು ಪ್ರೀತಿಯೂ ಇದೆ. ಒಳ್ಳೆಯ ಮನಸ್ಸಿನಿಂದ ದೇವರನ್ನು ಹುಡುಕುವವರನ್ನು ದೇವರು ಕೈಬಿಡುವುದಿಲ್ಲ ಎಂದು ನಮ್ಮ ಧರ್ಮಸಭೆ ಹೇಳುತ್ತದೆ.’ ಇಷ್ಟು ಸಾಕು. ಇದು ಮಗುವಿನ ಸಮಾಧಾನಕ್ಕೆ ನಾನು ಕಟ್ಟಿದ ಮಾತಲ್ಲ. ಲೋಕದ ಕ್ಯಾಥೋಲಿಕ್ ಬಿಷಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್‌ನಲ್ಲಿ ಧರ್ಮಸಭೆಯ ಕುರಿತು ಹೊರಡಿಸಿದ ದಾಖಲೆಯಲ್ಲಿ ಇದೇ ಅರ್ಥದ ಮಾತಿದೆ: ತಮ್ಮದಲ್ಲದ ಕಾರಣದಿಂದ ಕ್ರಿಸ್ತನನ್ನು ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ, ಮನಸ್ಸಾಕ್ಷಿಯಂತೆ ನಡೆಯುವವರಿಗೂ ರಕ್ಷಣೆ ಸಾಧ್ಯ. ಮರುವರ್ಷ, 1965ರ ಅಕ್ಟೋಬರ್ 28ರಂದು, ಅದೇ ಮಹಾಸಭೆ ಇತರ ಧರ್ಮಗಳ ಕುರಿತ ಘೋಷಣೆ ಹೊರಡಿಸಿ, ಆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಾನು ತಿರಸ್ಕರಿಸುವುದಿಲ್ಲ ಎಂದಿತು. ಹಿಂದೂ ಧರ್ಮದ ಹೆಸರೂ ಅದರಲ್ಲಿ ಬರುತ್ತದೆ. ಕ್ರೈಸ್ತ ಶಿಕ್ಷಣದ ಕುರಿತ ಘೋಷಣೆ ಹೊರಬಿದ್ದದ್ದೂ ಅದೇ ದಿನ. ನಮ್ಮ ಶಾಲೆಗಳ ಬಹುತೇಕ ತಕರಾರುಗಳು ಈ ಎರಡನ್ನು ಒಟ್ಟಿಗೆ ಓದಿದರೆ ಬಗೆಹರಿಯುತ್ತವೆ, ಓದುವವರೇ ಕಡಿಮೆ. ಇನ್ನೊಂದು: ಚರ್ಚು ಇಂಥವರು ಸ್ವರ್ಗದಲ್ಲಿದ್ದಾರೆ ಎಂದು ಹೆಸರು ಹಿಡಿದು ಸಂತರನ್ನು ಘೋಷಿಸುತ್ತದೆ, ಇಂಥವರು ನರಕದಲ್ಲಿದ್ದಾರೆ ಎಂದು ಯಾರ ಹೆಸರನ್ನೂ ಇದುವರೆಗೆ ಘೋಷಿಸಿಲ್ಲ. ಮಹಾಸಭೆಯೇ ಮಾಡದ ಕೆಲಸ ನಾಲ್ಕನೆಯ ತರಗತಿಯ ಟೀಚರಿಗೆ ಬೇಡ.

ಆ ಹುಡುಗನಿಗೆ ಹೇಳಬಾರದ ಮಾತುಗಳು ಎರಡಿವೆ. ‘ಎಲ್ಲ ಧರ್ಮಗಳೂ ಒಂದೇ ಕಣಪ್ಪ’ ಎನ್ನುವುದು ಒಂದು. ಅದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿ; ಅವನು ಧರ್ಮಗಳ ಬಗ್ಗೆ ಕೇಳಲಿಲ್ಲ, ಅಜ್ಜಿಯ ಬಗ್ಗೆ ಕೇಳಿದ. ‘ನೀನು ಅಜ್ಜಿಗೆ ಯೇಸುವಿನ ಬಗ್ಗೆ ಹೇಳಿ ಚರ್ಚಿಗೆ ಕರೆದುಕೊಂಡು ಬಾ’ ಎನ್ನುವುದು ಇನ್ನೊಂದು. ಅಜ್ಜಿಯ ಆತ್ಮದ ಭಾರವನ್ನು ಒಂಬತ್ತು ವರ್ಷದ ಹೆಗಲ ಮೇಲೆ ಹೊರಿಸುವುದು ಧರ್ಮೋಪದೇಶವಲ್ಲ.

ಈಗ ಪಾಠದ ವಿಷಯ. ನಿಮ್ಮ ಪತ್ರದಲ್ಲಿ ಎರಡು ತರಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ತೊಡಕು ಶುರುವಾಗುವುದು ಅಲ್ಲಿಂದಲೇ. ಆ ಒಂಬತ್ತು ಮಕ್ಕಳು ನಿಮ್ಮೆದುರು ಕುಳಿತಾಗ ನೀವು ಒಂದು ಮನೆಯೊಳಗಿನವರು ಮನೆಯೊಳಗಿನವರೊಡನೆ ಮಾತನಾಡಿದಂತೆ ಮಾತನಾಡಬಹುದು: ಪ್ರಾರ್ಥಿಸಬಹುದು, ನಂಬಿಕೆಯನ್ನು ಹಂಚಿಕೊಳ್ಳಬಹುದು, ಪರಮಪ್ರಸಾದಕ್ಕೆ, ಅಂದರೆ ಯೇಸುವಿನ ಶರೀರವೆಂದು ನಂಬಿ ಸ್ವೀಕರಿಸುವ ರೊಟ್ಟಿಗೆ, ಸಿದ್ಧಗೊಳಿಸಬಹುದು. ಮೂವತ್ತೆಂಟು ಮಕ್ಕಳು ಕುಳಿತಾಗ ನೀವು ಊರಿನ ಜಗಲಿಯ ಮೇಲಿದ್ದೀರಿ. ಅಲ್ಲಿ ಎಲ್ಲರ ಮನೆಯ ಮಾತಿಗೂ ಜಾಗವಿದೆ, ಯಾರ ಮನೆಯ ಪೂಜೆಯೂ ನಡೆಯಬಾರದು. ರೋಮಿನ ಕ್ಯಾಥೋಲಿಕ್ ಶಿಕ್ಷಣ ಮಂಡಳಿಯೂ 1988ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ ಈ ಗೆರೆ ಎಳೆದಿದೆ: ನಂಬಿಕೆಯನ್ನು ಬೆಳೆಸುವ ಧರ್ಮೋಪದೇಶ ಬೇರೆ, ಧರ್ಮದ ಬಗ್ಗೆ ತಿಳಿವಳಿಕೆ ಕೊಡುವ ಶಾಲಾಪಾಠ ಬೇರೆ, ನಂಟಿದೆ, ಆದರೆ ಒಂದೇ ಅಲ್ಲ.

ನಮ್ಮ ದೇಶದಲ್ಲಿ ಈ ಗೆರೆಗೆ ಸಂವಿಧಾನದ ಬಲವೂ ಇದೆ. 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ, ಸರಿ. ಆದರೆ 28ನೆಯ ವಿಧಿಯ ಮೂರನೆಯ ಖಂಡದ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಒಪ್ಪಿಗೆಯಿಲ್ಲದೆ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ‘ಬೋಧನೆ’ಯನ್ನು ಎಲ್ಲರೂ ನೆನಪಿಡುತ್ತಾರೆ, ‘ಪೂಜೆ’ಯನ್ನು ಮರೆಯುತ್ತಾರೆ. ಶಾಲೆಯ ಹಬ್ಬದ ಬಲಿಪೂಜೆಗೆ, ಅಂದರೆ ಚರ್ಚಿನ ಆರಾಧನೆಗೆ, 38 ಮಕ್ಕಳನ್ನೂ ಸಾಲು ಹಿಡಿಸಿ ಕರೆದೊಯ್ಯುವ ರೂಢಿ ನಿಮ್ಮಲ್ಲಿದ್ದರೆ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಬಳಿ ಕುಳಿತು ಒಮ್ಮೆ ಮಾತನಾಡಿ. ಕ್ಯಾಥೋಲಿಕ್ ಪೋಷಕರ ಒಪ್ಪಿಗೆಯನ್ನೂ ಜೂನ್‌ನಲ್ಲೇ ಬರಹದಲ್ಲಿ ಪಡೆದಿಡುವುದು ಕ್ಷೇಮ. ತಂದೆ ತಾಯಿ ಬೇರೆ ಬೇರೆ ಧರ್ಮದವರಾದ ಮನೆಗಳಲ್ಲಿ ಅದು ಇನ್ನೂ ಮುಖ್ಯ.

ಎರಡೂ ತರಗತಿಗಳಿಗೆ ಒಂದು ವ್ಯಾಕರಣದ ಸೂತ್ರ ಹೇಳುತ್ತೇನೆ. ನಂಬಿಕೆಯ ವಿಷಯ ಬಂದಾಗ ವಾಕ್ಯಕ್ಕೆ ಕರ್ತೃಪದ ಹಾಕಿ. ‘ಯೇಸು ಮೂರನೆಯ ದಿನ ಎದ್ದರು’ ಎಂದು ಒಂಬತ್ತು ಮಕ್ಕಳಿಗೆ ಹೇಳುವುದು ಸರಿ. ಮೂವತ್ತೆಂಟರ ಎದುರು ಅದೇ ಮಾತು ‘ಯೇಸು ಮೂರನೆಯ ದಿನ ಎದ್ದರೆಂದು ಕ್ರೈಸ್ತರು ನಂಬುತ್ತಾರೆ’ ಎಂದಾಗಬೇಕು. ಹಾಗೆಂದು ನಿಮ್ಮ ನಂಬಿಕೆಯೇನೂ ತೆಳುವಾಗುವುದಿಲ್ಲ. ಮುಂದಿನ ಬೆಂಚಿನ ಮುಸ್ಲಿಂ ಹುಡುಗಿ ‘ನಾವು ಹೀಗೆ ನಂಬುತ್ತೇವೆ ಟೀಚರ್’ ಎಂದು ಎದ್ದು ನಿಲ್ಲಲು ಆ ಒಂದು ಪದ ದಾರಿ ಬಿಡುತ್ತದೆ.

ವ್ಯಾಕರಣದ ಮಾತು ಬಂತು, ಇನ್ನು ಪದಗಳ ಮಾತು. ಇದರಲ್ಲಿ ನನಗೆ ಸ್ವಲ್ಪ ಹುಚ್ಚು, ತಾಳ್ಮೆ ಇರಲಿ. ಕನ್ನಡದ ಕ್ಯಾಥೋಲಿಕ್ ಮಾತುಗಳನ್ನು ಒಮ್ಮೆ ಸಾಲಾಗಿ ಬರೆದು ನೋಡಿ: ಪೂಜೆ, ಬಲಿ, ಪ್ರಸಾದ, ಜಪಸರ, ತಪಸ್ಸು ಕಾಲ, ದೀಕ್ಷಾಸ್ನಾನ, ದೇವಾಲಯ, ಗುರು, ಸ್ವಾಮಿ. ಇವು ಮಗುವಿನ ಕಿವಿಗೆ ಪಕ್ಕದ ಬೀದಿಯಿಂದಲೂ ಬೀಳುವ ಪದಗಳು. ಇದು ನಮ್ಮ ಭಾಗ್ಯವೂ ಹೌದು, ಗೊಂದಲದ ಬೇರೂ ಹೌದು. ಒಮ್ಮೆ ಮೂರನೆಯ ತರಗತಿಯಲ್ಲಿ ‘ನಮೋ ಮರಿಯಾ’ ಪ್ರಾರ್ಥನೆಯನ್ನು ಒಬ್ಬ ಹುಡುಗ ತಡವರಿಸದೆ ಹೇಳಿದ. ಖುಷಿಯಾಗಿ, ‘ಅದರಲ್ಲಿ ಬರುವ ವರಪ್ರಸಾದ ಎಂದರೇನು ಮಗು?’ ಎಂದೆ. ‘ಬೇಕರಿಯಲ್ಲಿ ಕೆಲಸ ಮಾಡುವ ಅಣ್ಣ’ ಎಂದ. ಅವನ ಬೀದಿಯಲ್ಲಿ ನಿಜವಾಗಿಯೂ ವರಪ್ರಸಾದ ಎಂಬವನಿದ್ದ. ಮೂರು ವರ್ಷದಿಂದ ಆ ಮಗು ದಿನಾ ರಾತ್ರಿ ಮರಿಯಮ್ಮನವರ ಹೆಸರಿನ ಜೊತೆಗೆ ಬೇಕರಿಯ ಅಣ್ಣನ ಹೆಸರನ್ನೂ ಹೇಳಿ ಮಲಗುತ್ತಿತ್ತು. ನಕ್ಕು ಮುಗಿದ ಮೇಲೆ ನನಗೆ ನಾಚಿಕೆಯಾಯಿತು. ಕಲಿಸಿದವಳು ನಾನೇ ತಾನೆ.

ಅದಕ್ಕಿಂತ ಗಟ್ಟಿ ಪ್ರಶ್ನೆ ಹಿಂದೂ ಮಕ್ಕಳಿಂದ ಬರುತ್ತದೆ, ನಿಮಗೂ ಬರುತ್ತದೆ, ಸಿದ್ಧವಾಗಿರಿ: ‘ನಮ್ಮ ದೇವಸ್ಥಾನದಲ್ಲಿ ಅವನಿಗೆ ಪ್ರಸಾದ ಕೊಡುತ್ತಾರೆ, ನಿಮ್ಮ ಚರ್ಚಿನಲ್ಲಿ ನನಗೆ ಏಕೆ ಕೊಡುವುದಿಲ್ಲ?’ ಮಗುವಿನ ದೃಷ್ಟಿಯಲ್ಲಿ ಇದು ಶುದ್ಧ ಜಿಪುಣತನ. ಒಂದೇ ಪದ ಎರಡು ಬೇರೆ ವಸ್ತುಗಳನ್ನು ಹೊತ್ತಿದೆ ಎಂದು ಬಿಡಿಸಿ ಹೇಳಿ. ದೇವಸ್ಥಾನದ ಪ್ರಸಾದ ಬಂದವರಿಗೆಲ್ಲ. ಪರಮಪ್ರಸಾದ ಹಾಗಲ್ಲ, ದೀಕ್ಷಾಸ್ನಾನ ಪಡೆದು, ಇದು ಯೇಸುವಿನ ಶರೀರ ಎಂದು ನಂಬಿ, ಹಾಗೆ ಬದುಕುತ್ತೇನೆಂದು ಮಾತು ಕೊಟ್ಟು, ತಯಾರಿ ಮಾಡಿಕೊಂಡವರು ಸ್ವೀಕರಿಸುವಂಥದ್ದು. ‘ಅವನ ತಂಗಿಗೂ ಇನ್ನೂ ಕೊಡುವುದಿಲ್ಲ, ಅವಳು ಒಂದನೆಯ ತರಗತಿ’ ಎಂದರೆ ಅರ್ಧ ಸಿಟ್ಟು ಇಳಿಯುತ್ತದೆ. ಉಳಿದರ್ಧ ಇಳಿಯದಿದ್ದರೆ ಇರಲಿ. ಹೊರಗುಳಿದ ಬೇಸರ ನಿಜವಾದದ್ದೇ, ಅದನ್ನು ಮಾತಿನಿಂದ ಮುಚ್ಚಬೇಡಿ.

ತಂಗಿಯ ವಯಸ್ಸಿನ ಮಾತಿಗೂ ಒಂದು ಹಿನ್ನೆಲೆಯಿದೆ. ಹಿಂದೆ ಮಕ್ಕಳು ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕರವರೆಗೂ ಪರಮಪ್ರಸಾದಕ್ಕೆ ಕಾಯಬೇಕಿತ್ತು. 1910ರಲ್ಲಿ ಹತ್ತನೆಯ ಪಯಸ್ ಪೋಪರ ಕಾಲದ ಆದೇಶ ಅದನ್ನು ವಿವೇಚನೆಯ ವಯಸ್ಸಿಗೆ, ಅಂದರೆ ಏಳರ ಆಸುಪಾಸಿಗೆ, ಇಳಿಸಿತು. ಪೂರ್ಣ ತಿಳಿವಳಿಕೆ ಬೇಡ, ಈ ರೊಟ್ಟಿಗೂ ಮನೆಯ ರೊಟ್ಟಿಗೂ ಇರುವ ವ್ಯತ್ಯಾಸ ಮಗುವಿಗೆ ತಿಳಿದರೆ ಸಾಕು ಎಂಬುದು ಅದರ ಒಳಮಾತು. ನಿಮ್ಮ ಒಂಬತ್ತರಲ್ಲಿ ಈ ವರ್ಷ ಪ್ರಥಮ ಪರಮಪ್ರಸಾದಕ್ಕೆ ನಿಂತವರಿದ್ದರೆ ಈ ಅಳತೆಗೋಲು ಇಟ್ಟುಕೊಳ್ಳಿ. ಬಿಳಿ ಉಡುಪು, ಕೇಕು, ಫೋಟೊಗ್ರಾಫರ್, ಇವೆಲ್ಲ ಮನೆಯವರೇ ನೋಡಿಕೊಳ್ಳುತ್ತಾರೆ, ಬೇಕಾದದ್ದಕ್ಕಿಂತ ಹೆಚ್ಚಾಗಿಯೇ.

ಬಾಯಿಪಾಠವನ್ನು ಬಿಡಲೇ ಎಂದು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಆಕಳಿಕೆಯ ಪ್ರಸ್ತಾಪದಲ್ಲಿ ಆ ಪ್ರಶ್ನೆಯಿದೆ. ಪೂರ್ತಿ ಬಿಡಬೇಡಿ. 1542ರಲ್ಲಿ ಗೋವೆಗೆ ಬಂದಿಳಿದ ಧರ್ಮಪ್ರಚಾರಕ ಫ್ರಾನ್ಸಿಸ್ ಕ್ಸೇವಿಯರ್ ಕೈಗಂಟೆ ಬಾರಿಸುತ್ತಾ ಬೀದಿಬೀದಿ ನಡೆದು ಮಕ್ಕಳನ್ನು ಕೂಡಿಸಿ ಪಾಠವನ್ನು ಹಾಡಿಸುತ್ತಿದ್ದರು. ಮುಂದೆ ಅದೇ ಗೋವೆಯಲ್ಲಿ ಇಂಗ್ಲೆಂಡಿನ ಜೆಸ್ವಿತ್ ಸಭೆಯ ಗುರು ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಪ್ರಶ್ನೋತ್ತರದ ಧರ್ಮೋಪದೇಶ ಬರೆದರು. ಅವರು ತೀರಿಹೋದ ಮೇಲೆ, 1622ರಲ್ಲಿ, ಗೋವೆಯ ರಾಚೋಲಿನಲ್ಲಿ ಅದು ಅಚ್ಚಾಯಿತು. ಕರಾವಳಿಯ ಕೊಂಕಣಿ ಮನೆಗಳಲ್ಲಿ ಇಂದಿಗೂ ಧರ್ಮೋಪದೇಶಕ್ಕೆ ‘ದೊತೊರ್ನ್’ ಎನ್ನುತ್ತಾರೆ. ಪೋರ್ಚುಗೀಸಿನ ‘ದೌತ್ರಿನ’ ಎಂಬ ಪದ ಬಾಯಿಂದ ಬಾಯಿಗೆ ಸವೆದು ಹಾಗಾಗಿದೆ. ಆದರೆ ಪ್ರಶ್ನೋತ್ತರ ಬರೆದ ಅದೇ ಸ್ಟೀಫನ್ಸ್, ಅದಷ್ಟರಿಂದಲೇ ಜನರ ಮನಸ್ಸು ತುಂಬದೆಂದು ಬಲ್ಲವರಂತೆ, ಮರಾಠಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಓವಿ ಎಂಬ ಪದ್ಯಗಳ ‘ಕ್ರಿಸ್ತಪುರಾಣ’ವನ್ನೂ ಬರೆದರು. ಒಂದು ನಾಲಿಗೆಗೆ, ಒಂದು ಕಿವಿಗೆ.

ನನ್ನ ಲೆಕ್ಕ ಹೀಗಿದೆ: ಪ್ರಾರ್ಥನೆಗಳು ಬಾಯಿಪಾಠವಾಗಲೇಬೇಕು. ಮುಂದೆ ಐವತ್ತು ವರ್ಷದ ಮೇಲೆ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ನೆರವಿಗೆ ಬರುವುದು ಬಾಯಿಪಾಠವೇ. ವಿವರಣೆಗಳು ಬಾಯಿಪಾಠ ಬೇಡ. ‘ಸಂಸ್ಕಾರ ಎಂದರೇನು’ ಎಂಬುದಕ್ಕೆ ಪುಸ್ತಕದ ವಾಕ್ಯವನ್ನು ಒಪ್ಪಿಸಿದ ಮಗುವಿಗೂ ಅದನ್ನು ತನ್ನ ಮಾತಿನಲ್ಲಿ ತಪ್ಪುತಪ್ಪಾಗಿ ಹೇಳಿದ ಮಗುವಿಗೂ ಅಂಕ ಕೊಡುವುದಿದ್ದರೆ ನಾನು ಎರಡನೆಯದಕ್ಕೆ ಹೆಚ್ಚು ಕೊಡುತ್ತೇನೆ. ಬಿಷಪರ ಧರ್ಮಪ್ರಾಂತ್ಯದ ಪರೀಕ್ಷೆ ಇದ್ದರೆ ಬರೆಯಿಸಿ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಉಳಿದ ಹೊತ್ತಿಗೆಲ್ಲ ಕಥೆ. ಕಥೆ ಹೇಳುವುದೆಂದರೆ ಕಥೆಯೊಳಗೆ ಮಕ್ಕಳನ್ನು ಬಿಟ್ಟು ನೀವು ಬಾಗಿಲಲ್ಲಿ ನಿಲ್ಲುವುದು. ನೀವು ಗಣಿತದವರು, ಊರು ಕಾಫಿ ತೋಟದ್ದು. ನಿಮಗೆಂದೇ ಬರೆದಂಥ ಕಥೆಯೊಂದು ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿದೆ. ದ್ರಾಕ್ಷಿ ತೋಟದ ಯಜಮಾನ ಬೆಳಗಿನ ಜಾವ ಪೇಟೆಗೆ ಹೋಗಿ ದಿನಕ್ಕೆ ಒಂದು ದಿನಾರಿ ಕೂಲಿ ಎಂದು ಆಳುಗಳನ್ನು ಗೊತ್ತು ಮಾಡುತ್ತಾನೆ. ಒಂಬತ್ತಕ್ಕೆ ಮತ್ತೆ ಹೋಗುತ್ತಾನೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ‘ದಿನವೆಲ್ಲ ಇಲ್ಲಿ ಸುಮ್ಮನೆ ಏಕೆ ನಿಂತಿದ್ದೀರಿ?’ ‘ನಮ್ಮನ್ನು ಯಾರೂ ಕರೆಯಲಿಲ್ಲ.’ ಆರಕ್ಕೆ ಬಟವಾಡೆ. ಕೊನೆಗೆ ಬಂದವರಿಂದ ಶುರು, ಎಲ್ಲರಿಗೂ ಒಂದೊಂದು ದಿನಾರಿ.

ನಾನು ಇದನ್ನು ತೋಟದ ಊರಿನ ಶಾಲೆಯೊಂದರಲ್ಲಿ ಹೇಳಿದ್ದು ನೆನಪಿದೆ. ಹಲಗೆಯ ಮೇಲೆ ಐದು ಗಡಿಯಾರ ಬರೆದೆ, ಪ್ರತಿಯೊಂದರ ಕೆಳಗೆ ಎಷ್ಟು ಗಂಟೆಯ ದುಡಿಮೆ ಎಂದು ಮಕ್ಕಳಿಂದಲೇ ಕಳೆಯಿಸಿದೆ: ಹನ್ನೆರಡು, ಒಂಬತ್ತು, ಆರು, ಮೂರು, ಒಂದು. ಬಟವಾಡೆಗೆ ಬರುವ ಹೊತ್ತಿಗೆ ತರಗತಿ ಎದ್ದು ನಿಂತಿತು. ‘ಅನ್ಯಾಯ!’ ತೋಟದ ಕೂಲಿಯವರ ಲೈನ್ ಮನೆಯ ಹುಡುಗಿಯೊಬ್ಬಳಂತೂ ಕೆಂಡವಾದಳು: ‘ನಮ್ಮಮ್ಮನಿಗೆ ಹಣ್ಣು ಕೊಯ್ಲಿನಲ್ಲಿ ಕೆ.ಜಿ. ಲೆಕ್ಕ. ಕಡಿಮೆ ಕೊಯ್ದರೆ ರೈಟರು ಕಡಿಮೆಯೇ ಬರೆಯುತ್ತಾರೆ.’ ಹಿಂದಿನ ಬೆಂಚಿನ ಒಬ್ಬ, ‘ನಾಳೆಯಿಂದ ಎಲ್ಲರೂ ಐದು ಗಂಟೆಗೇ ಬರುತ್ತಾರೆ, ತೋಟ ಹಾಳಾಗುತ್ತದೆ’ ಎಂದ. ಅವರಪ್ಪ ಮೇಸ್ತ್ರಿ. ನಾನು ಉತ್ತರ ಹೇಳಲಿಲ್ಲ. ‘ಐದು ಗಂಟೆಯವರೆಗೆ ಯಾರೂ ಕರೆಯದೆ ಪೇಟೆಯಲ್ಲಿ ನಿಂತವನು ಏನು ಯೋಚಿಸುತ್ತಿದ್ದಿರಬಹುದು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಯಾರೋ ಮೆಲ್ಲಗೆ, ‘ಮನೆಗೆ ಅಕ್ಕಿ ಒಯ್ಯುವುದು ಹೇಗೆ ಅಂತ’ ಎಂದಿತು. ಗಂಟೆ ಹೊಡೆಯಿತು. ಆ ಕೆ.ಜಿ. ಲೆಕ್ಕದ ಹುಡುಗಿ ಹೋಗುವಾಗಲೂ ಒಪ್ಪಿರಲಿಲ್ಲ. ನನಗೆ ಬೇಕಾದದ್ದೂ ಅದೇ. ಕಥೆಯೊಳಗೆ ಸಿಟ್ಟಾದ ಆಳುಗಳೂ ಒಪ್ಪಿ ಮನೆಗೆ ಹೋದರು ಎಂದು ಶುಭಸಂದೇಶದಲ್ಲಿ ಎಲ್ಲಿಯೂ ಬರೆದಿಲ್ಲ.

ಇಲ್ಲಿ ‘ಆದ್ದರಿಂದ ಮಕ್ಕಳೇ, ದೇವರು ಉದಾರಿ’ ಎಂದು ಮುಗಿಸುವ ಆಸೆ ಬರುತ್ತದೆ. ತಡೆಯಿರಿ. ಕಥೆಯ ನೀತಿಯನ್ನು ಟೀಚರ್ ಹೇಳಿದ ಕ್ಷಣ ಮಕ್ಕಳು ಪುಸ್ತಕ ಮುಚ್ಚುತ್ತಾರೆ.

ಮೌನದ ಬಗ್ಗೆ ಒಂದು ಮಾತು. ನಾಲ್ಕನೆಯ ತರಗತಿಯ ಮಕ್ಕಳು ಸುಮ್ಮನಿರಲಾರರು ಎಂಬುದು ದೊಡ್ಡವರು ಹಬ್ಬಿಸಿದ ಸುದ್ದಿ. ‘ಸುಮ್ಮನಿರಿ’ ಎಂದರೆ ಇರಲಾರರು, ನಿಜ. ‘ಮಳೆ ಕೇಳಿ’ ಎಂದು ನೋಡಿ. ಜುಲೈ ತಿಂಗಳ ಮಲೆನಾಡಿನ ಮಧ್ಯಾಹ್ನ, ಕರೆಂಟಿಲ್ಲ, ಹೆಂಚಿನ ಮೇಲೆ ಮಳೆ. ಮೇಜಿನ ಮೇಲೆ ಒಂದು ದೀಪ, ಮಕ್ಕಳ ಕೈಗೆ ಎಟುಕದಷ್ಟು ದೂರ. ಮೊದಲು ಹೆಂಚಿನ ಸದ್ದು, ಆಮೇಲೆ ದೋಣಿಯಿಂದ ಬೀಳುವ ನೀರಿನ ಸದ್ದು, ಆಮೇಲೆ ತಮ್ಮದೇ ಉಸಿರು. ಒಂದು ನಿಮಿಷದಿಂದ ಶುರು ಮಾಡಿ. ಪ್ರಾರ್ಥನೆ ಅದಾದ ಮೇಲೆ, ಚಿಕ್ಕದಾಗಿ.

ಪಾಪನಿವೇದನೆಯ, ಅಂದರೆ ಗುರುಗಳೆದುರು ಪಾಪ ಒಪ್ಪಿಕೊಳ್ಳುವುದರ, ತಯಾರಿಯಲ್ಲಿ ಮಾತ್ರ ನಾನು ಕಟ್ಟುನಿಟ್ಟು. ‘ನಿನ್ನ ಪಾಪಗಳ ಪಟ್ಟಿ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸು’ ಎನ್ನುವ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ಎಂದೂ ಬೇಡ. ಅದನ್ನು ಕೇಳುವ ಅಧಿಕಾರ ಚರ್ಚಿನ ಗುರುಗಳಿಗಿದೆ, ಅವರ ಬಾಯಿಗೆ ಬೀಗವೂ ಇದೆ. ನಿಮಗೆ ಎರಡೂ ಇಲ್ಲ. ಬೈದು ಹೆದರಿಸಿ ತಯಾರಿ ಮಾಡಿಸಿದ ಮಗು ಇಲ್ಲದ ಪಾಪಗಳನ್ನು ಕಟ್ಟಿಕೊಂಡು ಹೋಗುತ್ತದೆ. ವ್ಯಭಿಚಾರ ಮಾಡಿದ್ದೇನೆ ಎಂದು ಎಂಟು ವರ್ಷದ ಮಗು ಹೇಳಿದ್ದನ್ನು ಟೀಚರಾಗಿ ನಾನೇ ಕೇಳಿದ್ದೇನೆ. ಹತ್ತು ಕಟ್ಟಳೆಗಳಲ್ಲಿ ಆ ಪದ ಇತ್ತು, ಒಂದನ್ನೂ ಬಿಡಬಾರದು ಎಂದು ಅದಕ್ಕೆ ಅನ್ನಿಸಿತ್ತು.

ಇದರ ಗಂಭೀರ ಮಗ್ಗುಲೂ ಇದೆ. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಗಣಿತದ ತರಗತಿಯಲ್ಲಿ ಹೇಳದ್ದನ್ನು ಹೇಳುತ್ತಾರೆ. ತಪ್ಪು, ಗುಟ್ಟು, ಕ್ಷಮೆ ಎಂಬ ಮಾತುಗಳು ಬಂದಾಗ ಒಂದು ಮಗು ತನ್ನ ಮೇಲೆ ಯಾರೋ ನಡೆಸಿದ ಲೈಂಗಿಕ ಹಿಂಸೆಯನ್ನು ತನ್ನದೇ ಪಾಪ ಎಂದುಕೊಂಡು ಬಾಯಿಬಿಡಬಹುದು. ಆಗ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ‘ನಿನ್ನ ತಪ್ಪೇನೂ ಇಲ್ಲ, ಹೇಳಿದ್ದು ಒಳ್ಳೆಯದಾಯಿತು, ಸಹಾಯ ಮಾಡಬಲ್ಲವರಿಗೆ ನಾನು ಹೇಳಲೇಬೇಕು’ ಎನ್ನಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಹಿಂಸಿಸಿದವರು ಮನೆಯವರಾಗಿರಲಿ, ಶಾಲೆಯವರಾಗಿರಲಿ, ಚರ್ಚಿನವರಾಗಿರಲಿ, ಕಾನೂನು ಒಂದೇ. ಶಾಲೆಯ ಹೆಸರು ಕೆಡುತ್ತದೆ ಎಂದು ಯಾರಾದರೂ ಅಂದರೆ ಅವರ ಮಾತಿಗೆ ಕಿವಿಗೊಡಬೇಡಿ.

ಮೌಲ್ಯ ಶಿಕ್ಷಣದ ಪೀರಿಯಡ್ಡಿಗೆ ಬರೋಣ. ಅನೇಕ ಶಾಲೆಗಳಲ್ಲಿ ಅದು ಹರಿದ ನೋಟ್‌ಬುಕ್ಕಿಗೆ ಬೈಂಡು ಹಾಕಿಸುವ, ಉಳಿದ ಲೆಕ್ಕ ಮುಗಿಸುವ ಹೊತ್ತು. ಗಣಿತದ ಟೀಚರಾದ ನಿಮಗೆ ಆ ಆಸೆ ಹೆಚ್ಚೇ ಇರುತ್ತದೆ. ಅದನ್ನು ಗೆದ್ದಿರಿ ಎಂದಿಟ್ಟುಕೊಂಡು ಹೇಳುತ್ತೇನೆ: ಮಕ್ಕಳ ಮನೆಯಿಂದ ಶುರು ಮಾಡಿ. ಸೆಪ್ಟೆಂಬರ್ 8ಕ್ಕೆ ಕರಾವಳಿ ಮೂಲದ ಕ್ಯ‍ಾಥೋಲಿಕರ ಮನೆಗಳಲ್ಲಿ ಮೊಂತಿ ಫೆಸ್ತ್. ಮಕ್ಕಳು ಒಂಬತ್ತು ದಿನ ಮರಿಯಮ್ಮನವರಿಗೆ ಹೂವು ಅರ್ಪಿಸುತ್ತಾರೆ, ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ, ಹೊಸ ಅಕ್ಕಿ ಊಟಕ್ಕೆ ಸೇರುತ್ತದೆ. ತುಳು ಮಾತಾಡುವ ಹಿಂದೂ ಮನೆಗಳಲ್ಲೂ ತೆನೆ ತಂದು ಕಟ್ಟಿ ಹೊಸ ಅಕ್ಕಿಯ ಊಟ ಮಾಡುವುದಿದೆ, ಕೊಡಗಿನವರಿಗೆ ಪುತ್ತರಿ ಇದೆ. ‘ನಿಮ್ಮ ಮನೆಗೆ ಹೊಸ ಅಕ್ಕಿ ಬಂದ ದಿನ ಮೊದಲ ತುತ್ತು ಯಾರಿಗೆ?’ ಎಂದು ಕೇಳಿ. ದೇವರಿಗೆ, ಹಸುವಿಗೆ, ತೀರಿಕೊಂಡ ಅಜ್ಜನಿಗೆ, ಆಳುಗಳಿಗೆ. ಅಕ್ಕಿ ಪಡಿತರ ಅಂಗಡಿಯಿಂದ ಬರುವುದು ಎನ್ನುವ ಮಗುವೂ ಇರುತ್ತದೆ. ಅದರ ಮಾತನ್ನೂ ಅಷ್ಟೇ ಗಮನದಿಂದ ಕೇಳಿ.

ಕನಕದಾಸರ ಬಾಳೆಹಣ್ಣಿನ ಕಥೆ ಈ ತರಗತಿಗೆ ಹೇಳಿ ಮಾಡಿಸಿದ್ದು. ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟರು. ಕನಕ ಮಾತ್ರ ತಿನ್ನದೆ ವಾಪಸು ತಂದ, ದೇವರು ನೋಡದ ಜಾಗವೇ ಸಿಗಲಿಲ್ಲ ಎಂದ. ನನ್ನ ಸಹೋದ್ಯೋಗಿಯೊಬ್ಬರು ಈ ಕಥೆಯನ್ನು ಬಹಳ ಸೊಗಸಾಗಿ ಹೇಳಿ, ಕೊನೆಯಲ್ಲಿ ತಪ್ಪದೆ ‘ಯೇಸುವೂ ಹೀಗೆಯೇ ಹೇಳಿದರು’ ಎಂದು ಒಂದು ಬಾಲ ಅಂಟಿಸುತ್ತಿದ್ದರು. ಒಂದು ದಿನ ಮಕ್ಕಳು ಆ ಬಾಲವನ್ನು ಅವರಿಗಿಂತ ಮೊದಲೇ ಒಕ್ಕೊರಲಿನಿಂದ ಹೇಳಿ ನಕ್ಕುಬಿಟ್ಟರು. ಮಕ್ಕಳಿಗೆ ಗಾಳ ಕಾಣುತ್ತದೆ. ಆ ಪೀರಿಯಡ್ಡಿನಲ್ಲಿ ಕನಕ ಕನಕನಾಗಿಯೇ ಇರಲಿ. ಯೇಸುವಿನ ಕಥೆಯನ್ನೂ ಹೇಳಬಹುದು, ಕ್ರೈಸ್ತರ ಕಥೆ ಎಂದು ಹೆಸರಿಟ್ಟು, ನಬಿಯ ಕಥೆಯನ್ನು ಹೇಳಿದಂತೆಯೇ.

ಕೊನೆಗೆ, ಖರ್ಚಿನ ವಿಷಯ. ನಿಮ್ಮ ಶಾಲೆಯಲ್ಲಿ ಇದಕ್ಕೆಂದು ನಾಲ್ಕು ಕಾಸು ಇದ್ದರೆ ಪ್ರೊಜೆಕ್ಟರಿಗೆ ಹಾಕಬೇಡಿ. 1954ರಲ್ಲಿ ರೋಮಿನಲ್ಲಿ ಸೋಫಿಯಾ ಕವಲ್ಲೆತ್ತಿ ಎಂಬ ಬೈಬಲ್ ವಿದ್ವಾಂಸೆ, ಮಾಂಟೆಸೊರಿ ಪದ್ಧತಿಯ ಶಿಕ್ಷಕಿ ಜಾನ್ನಾ ಗೊಬ್ಬಿಯವರ ಜೊತೆ ಸೇರಿ, ಯೇಸು ಹೇಳಿದ ಒಳ್ಳೆಯ ಕುರಿಗಾಹಿಯ ಸಾಮತಿಯ, ಅಂದರೆ ದೃಷ್ಟಾಂತದ, ಸುತ್ತ ಒಂದು ಪದ್ಧತಿ ಬೆಳೆಸಿದರು. ಮರದ ಚಿಕ್ಕ ಕುರಿಗಳು, ಒಂದು ಹಟ್ಟಿ, ಒಬ್ಬ ಕುರಿಗಾಹಿ. ಟೀಚರ್ ಒಮ್ಮೆ ಓದಿ, ಕುರಿಗಳನ್ನು ಸರಿಸಿ ತೋರಿಸಿ, ಹಿಂದೆ ಸರಿಯುತ್ತಾರೆ. ಆ ಕುರಿಗಳು ಯಾರು ಎಂದು ಹೇಳಿಕೊಡುವುದಿಲ್ಲ. ಮಕ್ಕಳು ಆಡಿಸುತ್ತ ಆಡಿಸುತ್ತ, ಕೆಲವೊಮ್ಮೆ ವಾರಗಳು ಕಳೆದ ಮೇಲೆ, ತಾವೇ ಕಂಡುಕೊಳ್ಳುತ್ತಾರೆ. ಇದು ಮುಖ್ಯವಾಗಿ ಇನ್ನೂ ಚಿಕ್ಕ ಮಕ್ಕಳಿಗೆಂದು ಹುಟ್ಟಿದ್ದು, ಆದರೆ ನಾಲ್ಕನೆಯ ತರಗತಿಯವರೂ ನೆಲದ ಮೇಲೆ ಕುಳಿತು ಆಡಲು ಹಿಂಜರಿಯುವವರಲ್ಲ. ಮಂಗಳೂರಿನಲ್ಲಿ ನಾನು ಇದನ್ನು ಮಾಡಿದಾಗ ತೊಡಕಾದದ್ದು ಕುರಿಯದ್ದೇ. ಕರಾವಳಿಯ ಮಕ್ಕಳಲ್ಲಿ ಕುರಿ ನೋಡಿದವರೇ ಕಡಿಮೆ; ಚಿತ್ರ ಬರೆಯಿಸಿದರೆ ನಾಯಿಗೆ ಹತ್ತಿ ಅಂಟಿಸಿದಂತಿತ್ತು. ನಿಮಗೆ ಆ ತಾಪತ್ರಯ ಕಡಿಮೆ. ಅದೇ ಜಿಲ್ಲೆಯ ಕಡೂರಿನ ಕಡೆ ಇಳಿದರೆ ಕಂಬಳಿ ಹೊದ್ದ ಕುರುಬರು ರಸ್ತೆಗಡ್ಡ ಮಂದೆ ಹೊಡೆದುಕೊಂಡು ಹೋಗುವುದನ್ನು ಮಕ್ಕಳು ಬಸ್ಸಿನ ಕಿಟಕಿಯಿಂದಾದರೂ ಕಂಡಿರುತ್ತಾರೆ.

ಬೊಂಬೆಗಳನ್ನು ಚನ್ನಪಟ್ಟಣದಿಂದ ತರಿಸಬಹುದು, ಊರಿನ ಆಚಾರಿಯಿಂದಲೂ ಮಾಡಿಸಬಹುದು. ಹತ್ತು ಕುರಿ ಬೇಕಿದ್ದರೆ ಹನ್ನೆರಡು ಮಾಡಿಸಿ. ಒಂದೆರಡು ಖಂಡಿತ ಯಾರದೋ ಚಡ್ಡಿಯ ಜೇಬು ಸೇರಿ ಮನೆಗೆ ಹೋಗುತ್ತವೆ. ಹುಡುಕಿಕೊಂಡು ಹೋಗಬೇಡಿ.